ಫೋಟೋದಿಂದ ಸರಿದು ನಿಂತವರು

ಬೈಲಹೊಂಗಲದ ಬಜಾರ ರಸ್ತೆಯಲ್ಲಿ ಗುರುನಾಥನ ಸ್ಟುಡಿಯೋ ಎಲ್ಲಿ ಎಂದು ಒಂದು ಕಾಲಕ್ಕೆ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಮದುವೆ, ಬಸುರಿಯರ ಕುಬಸ, ಸಾಲೆಯ ಗ್ರೂಪ್ ಫೋಟೋ, ನೌಕರಿಯ ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋ ಎಲ್ಲಕ್ಕೂ ಜನ ಅವನಲ್ಲಿಗೇ ಬರುತ್ತಿದ್ದರು. ಕಡಿಮೆ ಮಾತಿನ ಮನುಷ್ಯ. "ಕತ್ತ ಸ್ವಲ್ಪ ಎತ್ರಿ, ಹಂಗ ಇರ್ರಿ" ಅನ್ನುವುದರಾಚೆ ಗಿರಾಕಿಗಳ ಜೊತೆ ಅವನ ಮಾತು ಬೆಳೆಯುತ್ತಿರಲಿಲ್ಲ. ಆದರೆ ಅವನಿಗೆ ಹೆಸರು ತಂದದ್ದು ಈ ಯಾವ ಫೋಟೋಗಳೂ ಅಲ್ಲ. ಊರಿನ ಹಳೆಯ ಹತ್ತಿ ಜಿನ್ನು, ಅಂದರೆ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆ, ಪಾಳು ಬಿದ್ದ ಮೇಲೆ ಅದರ ಗೋಡೆ, ಚಿಮಣಿ, ತೂತು ಬಿದ್ದ ತಗಡುಗಳನ್ನು ವರ್ಷಗಟ್ಟಲೆ ತೆಗೆದ ಕಪ್ಪು-ಬಿಳುಪು ಚಿತ್ರಗಳು ಅವನನ್ನು ಧಾರವಾಡದವರೆಗೂ ಹೆಸರುವಾಸಿ ಮಾಡಿದವು. ಅವನ ಬಾಳು ಕೆಟ್ಟದ್ದೂ ಅವುಗಳಿಂದಲೇ.

ಗುರುನಾಥ ಹುಟ್ಟಿದ್ದು ಅದೇ ಜಿನ್ನಿನ ಹಿಂದಿದ್ದ ಚಾಳದಲ್ಲಿ. ಕಲ್ಲಿನ ಗೋಡೆ, ತಗಡಿನ ಮಾಡು, ಒಂದಕ್ಕೊಂದು ಅಂಟಿಕೊಂಡ ಒಂಟಿ ಖೋಲಿಗಳ ಸಾಲು. ಮಾಲೀಕರಾದ ಮಹಾಂತಪ್ಪ ಸಾವಕಾರರ ತಂದೆ ಕೂಲಿಯವರಿಗೆಂದು ಕಟ್ಟಿಸಿದ್ದು. ಅವನ ಅಪ್ಪನ ಹೆಸರು ಬಾಳು, ಜಿನ್ನಿನ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸದವ. ಸುಗ್ಗಿ ಬಂತೆಂದರೆ ಮುರಗೋಡ, ಹೂಲಿ, ಮುನವಳ್ಳಿ ಕಡೆಯ ಹತ್ತಿ ಗಾಡಿಗಳು ಗೇಟಿನಿಂದ ಹಿಡಿದು ಕೆರೆಯ ತನಕ ಸಾಲುಗಟ್ಟಿ ನಿಲ್ಲುತ್ತಿದ್ದವು. ಬೆಳಗಿನ ಭೋಂಗಾ ಕೂಗಿದರೆ ಊರು ಗಡಿಯಾರ ತಿದ್ದಿಕೊಳ್ಳುತ್ತಿತ್ತು. ಒಳಗೆ ಅರಳೆಯ ಧೂಳು ಮಂಜಿನ ಹಾಗೆ ತೇಲುತ್ತಿತ್ತು. ಆ ಧೂಳೇ ಬಾಳುವಿನ ಎದೆ ಹೊಕ್ಕು, ಕೆಮ್ಮಿ ಕೆಮ್ಮಿ, ಗುರುನಾಥ ಹೈಸ್ಕೂಲು ಓದುವಾಗಲೇ ಅವನು ತೀರಿಕೊಂಡ. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಹುಡುಗನನ್ನು ಪಕ್ಕದ ಖೋಲಿಯಲ್ಲಿದ್ದ ಚಿಗವ್ವ, ಅಂದರೆ ತಾಯಿಯ ತಂಗಿ ಕೆಂಪವ್ವ, ತನ್ನ ಮಗ ನೀಲಪ್ಪನ ಜೊತೆಗೇ ಬೆಳೆಸಿದಳು. ಅವಳು ಜಿನ್ನಿನಲ್ಲಿ ಹತ್ತಿ ಹಸನು ಮಾಡುವ ಹೆಂಗಸು. ಕಸ, ಕಡ್ಡಿ, ಕೊಳೆತ ಕಾಯಿ ಆರಿಸಿ ತೆಗೆಯುವ ಕೆಲಸ. ಗಂಡ ಬಿಟ್ಟು ಹೋಗಿದ್ದ. ಎರಡು ರೊಟ್ಟಿ ಇದ್ದರೆ ಇಬ್ಬರು ಹುಡುಗರಿಗೆ ಒಂದೊಂದು ಹಾಕಿ ತಾನು ನೀರು ಕುಡಿಯುತ್ತಿದ್ದಳು.

ಬಜಾರಿನಲ್ಲಿ ಹಣಮಂತಪ್ಪ ಎಂಬ ವಯಸ್ಸಾದ ಫೋಟೋಗ್ರಾಫರ್ ಇದ್ದ. ಕೆಂಪವ್ವ ಅವನ ಕಾಲು ಹಿಡಿದು ಹುಡುಗನನ್ನು ಸ್ಟುಡಿಯೋದ ಕಸ ಹೊಡೆಯಲು ಸೇರಿಸಿದಳು. ಗುರುನಾಥ ಕಸ ಹೊಡೆಯುತ್ತ ಹೊಡೆಯುತ್ತ ನೆಗೆಟಿವ್ ತೊಳೆಯುವುದು, ಪ್ರಿಂಟು ಹಾಕುವುದು ಕಲಿತ. ಹಣಮಂತಪ್ಪನಿಗೆ ಮಕ್ಕಳಿರಲಿಲ್ಲ. ಕಣ್ಣು ಮಂಜಾದಾಗ ಅಂಗಡಿಯನ್ನೂ ಹಳೆಯ ಯಾಶಿಕಾ ಕ್ಯಾಮೆರಾವನ್ನೂ ಇವನಿಗೇ ಒಪ್ಪಿಸಿದ. ಗುರುನಾಥ ಚಾಳ ಬಿಟ್ಟು ಊರೊಳಗೆ ಮನೆ ಹಿಡಿದ. ರಾಮದುರ್ಗದ ರಾಜೇಶ್ವರಿಯನ್ನು ಮದುವೆಯಾದ. ಪ್ರಜ್ಞಾ ಎಂಬ ಮಗಳು ಹುಟ್ಟಿದಳು. ಹಬ್ಬ ಹುಣ್ಣಿಮೆಗೆ ಚಿಗವ್ವನಿಗೊಂದು ಸೀರೆ ಒಯ್ದು ಕೊಡುತ್ತಿದ್ದ. ಆದರೆ ಬಜಾರಿನ ಮಂದಿಯ ಮುಂದೆ ತಾನು ಚಾಳದವನೆಂದು ಎಂದೂ ಬಾಯಿ ಬಿಡಲಿಲ್ಲ. ಕೇಳಿದವರಿಗೆ ಜಿನ್ನಿನ ಕಡೆ ಕೈ ಮಾಡಿ, "ಆ ಕಡೀ ಓಣ್ಯಾಗ ಇದ್ವಿ" ಎಂದು ಹೇಳಿ ಮಾತು ಮುಗಿಸುತ್ತಿದ್ದ.

ತೊಂಬತ್ತರ ದಶಕದ ಆರಂಭದಲ್ಲಿ ಜಿನ್ನು ನಿಂತಿತು. ಕಾಲುವೆ ನೀರು ಬಂದ ಹೊಲಗಳಲ್ಲಿ ಹತ್ತಿಯ ಜಾಗದಲ್ಲಿ ಕಬ್ಬು, ಗೋವಿನಜೋಳ ನಿಂತವು. ಇದ್ದ ಹತ್ತಿಯೂ ಹೊಸ ಯಂತ್ರಗಳಿದ್ದ ಬೇರೆ ಊರುಗಳಿಗೆ ಹೊರಟಿತು. ಮಹಾಂತಪ್ಪ ಸಾವಕಾರರು ತೀರಿಕೊಂಡ ಮೇಲೆ ಮಕ್ಕಳು ಪಾಲಿಗಾಗಿ ಜಗಳಾಡಿ, ಯಂತ್ರಗಳನ್ನು ಗುಜರಿಯವರಿಗೆ ತೂಕಕ್ಕೆ ಹಾಕಿ, ಗೇಟಿಗೆ ಬೀಗ ಜಡಿದರು. ಚಾಳದ ಕಡೆ ಯಾರೂ ತಿರುಗಿ ನೋಡಲಿಲ್ಲ. ಹೋಗಿರಿ ಎಂದು ಯಾರೂ ಹೇಳಲಿಲ್ಲವಾದ್ದರಿಂದ ಚಾಳದವರು ಅಲ್ಲೇ ಉಳಿದರು. ಗಂಡಸರು ಕಾಳು-ಕಡಿಯ ಅಡತಿ ಅಂಗಡಿಗಳಲ್ಲಿ ಹಮಾಲಿ ಮಾಡಿದರು, ಹೆಂಗಸರು ಹೊಲದ ಕಳೆ ತೆಗೆಯಲು ಹೋದರು. ಜಿನ್ನಿನ ವಿದ್ಯುತ್ ಕಡಿದಾಗ ಚಾಳದ್ದೂ ಕಡಿಯಿತು. ಬುಡ್ಡಿ ದೀಪ ಹಚ್ಚಿಕೊಂಡರು. ಹಿಂದಿನ ಗೋಡೆ ಒಂದು ಕಡೆ ಕುಸಿದಿತ್ತು, ಅದರೊಳಗಿಂದ ನುಸುಳಿ ಖಾಲಿ ಜಿನ್ನಿನ ನೆಲದ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದರು, ಮಳೆ ಬಂದರೆ ಆಡು ಕಟ್ಟುತ್ತಿದ್ದರು.

ಒಂದು ಯುಗಾದಿಗೆ ಗುರುನಾಥ ಸೀರೆ ಕೊಡಲು ಹೋದಾಗ ಕೆಂಪವ್ವ ಮನೆಯಲ್ಲಿರಲಿಲ್ಲ. ಹುಡುಕುತ್ತ ಗೋಡೆ ದಾಟಿ ಜಿನ್ನಿನೊಳಗೆ ಹೋದ. ಮಧ್ಯಾಹ್ನದ ಬಿಸಿಲು ತಗಡಿನ ತೂತುಗಳಿಂದ ಕೋಲು ಕೋಲಾಗಿ ಇಳಿದಿತ್ತು. ಜೇಡರ ಬಲೆಗೆಲ್ಲ ಹಳೆಯ ಅರಳೆ ಹತ್ತಿಕೊಂಡು ಹೊಳೆಯುತ್ತಿತ್ತು. ಯಂತ್ರ ಕಿತ್ತ ಜಾಗಗಳಲ್ಲಿ ನೆಲ ಬಾಯ್ದೆರೆದಿತ್ತು. ಹೆಗಲ ಚೀಲದಲ್ಲಿ ಕ್ಯಾಮೆರಾ ಇತ್ತು. ತೆಗೆದ. ಅಂದು ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಕಾಗದದ ಮೇಲೆ ಆ ಬೆಳಕು ಮೂಡಿ ಬಂದಾಗ ಅವನು ಬಗ್ಗಿ ಹತ್ತಿರದಿಂದ ನೋಡಿದ. ಅಪ್ಪ ಕೆಮ್ಮಿ ಸತ್ತ ಜಾಗ ಇಷ್ಟು ಚೆಂದವಿದೆಯೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಚಿತ್ರದ ಮೂಲೆಯಲ್ಲಿ ಕೆಂಪವ್ವ ಬೆನ್ನು ಹಾಕಿ ಕುಳಿತು ಮೆಣಸಿನಕಾಯಿ ಹರಡುತ್ತಿದ್ದಳು. ತೆಗೆಯುವಾಗ ಅದನ್ನು ಅವನು ನೋಡಿರಲೂ ಇಲ್ಲ.

ಆ ಚಿತ್ರವನ್ನು ದೊಡ್ಡದು ಮಾಡಿ ಸ್ಟುಡಿಯೋದ ಗಾಜಿನ ಹಿಂದೆ ಇಟ್ಟ. ಮದುವೆಗೆಂದು ಊರಿಗೆ ಬಂದಿದ್ದ ಧಾರವಾಡದ ಚಿತ್ರಕಲಾ ಶಿಕ್ಷಕ ನಿಜಗುಣಪ್ಪ ಮಾಸ್ತರರು ಅದರ ಮುಂದೆ ನಿಂತರು. ಒಳಗೆ ಬಂದು ಬಹಳ ಹೊತ್ತು ಮಾತಾಡಿದರು.

"ಕಣ್ಣ ಐತಿ ನಿನಗ. ಆದ್ರ ಈ ಮುದುಕಿ ಯಾಕ ಬಂದಾಳ ನಡುವ? ಮನುಷ್ಯಾರು ಬಂದ್ರ ನೋಡೂವರ ಲಕ್ಷ್ಯ ಅವರ ಮ್ಯಾಲ ಹೋಗತೈತಿ. ಹಾಳಂದ್ರ ಹಾಳಾಗೇ ಕಾಣಬೇಕು. ಯಾರೂ ಇಲ್ಲ ಅನ್ನೂದ ಅದರ ಮಾತು."

ಆಕೆ ನಮ್ಮ ಚಿಗವ್ವ ಎಂದು ಗುರುನಾಥ ಹೇಳಬಹುದಿತ್ತು. ಹೇಳಲಿಲ್ಲ. "ಯಾರೋ ಬಂದ ಕುಂತಿದ್ರು ರೀ" ಎಂದ. ಮಾಸ್ತರರು ಹೋದ ಮೇಲೆ ಕತ್ತರಿ ತೆಗೆದುಕೊಂಡು ಪ್ರಿಂಟಿನ ಆ ಮೂಲೆಯನ್ನು ನೀಟಾಗಿ ಕತ್ತರಿಸಿ ಮತ್ತೆ ಚೌಕಟ್ಟು ಹಾಕಿದ. ನಿಜಕ್ಕೂ ಚಿತ್ರ ಮೊದಲಿಗಿಂತ ಚೆನ್ನಾಗಿ ಕಂಡಿತು.

ಅಲ್ಲಿಂದ ಅವನಿಗೆ ಹುಚ್ಚು ಹತ್ತಿತು. ಅಂಗಡಿಯ ರಜೆಯ ದಿನವೆಲ್ಲ ಜಿನ್ನಿಗೆ ಹೋಗುತ್ತಿದ್ದ. ಮಳೆಗಾಲದ ಪಾಚಿ, ಚಳಿಗಾಲದ ಇಬ್ಬನಿ, ಬೇಸಿಗೆಯ ಬಿರುಕು, ಗೋಡೆಯೊಳಗೆ ಬೇರಿಳಿಸಿದ ಅರಳಿ ಗಿಡ. ಒಳಗಿನದು ಸಾಕಾದ ಮೇಲೆ ಚಾಳದ ಕಡೆಗೂ ಬಂದ. ಸಾಲು ಬಾಗಿಲುಗಳು, ಸವೆದ ಹೊಸ್ತಿಲುಗಳು, ಉದ್ದಕ್ಕೂ ಬಿದ್ದ ಕಲ್ಲಿನ ಕಟ್ಟೆ. ಅಲ್ಲಿ ಜನರಿದ್ದರಲ್ಲ, ಅವರನ್ನು ಸರಿಯಲು ಹೇಳುತ್ತಿದ್ದ. ಕೆಂಪವ್ವನೇ ಮುಂದಾಗಿ ಹಗ್ಗದ ಮೇಲಿನ ಬಟ್ಟೆ ತೆಗೆಸುತ್ತಿದ್ದಳು, ಕೊಡಗಳನ್ನು ಒಳಗಿಡಿಸುತ್ತಿದ್ದಳು, ಆಡುಗಳನ್ನು ಅಟ್ಟಿಸುತ್ತಿದ್ದಳು, ಹುಡುಗರನ್ನು ಗದರಿಸಿ ಬೇವಿನ ಗಿಡದ ಆಚೆ ಕೂರಿಸುತ್ತಿದ್ದಳು.

"ಸರೀರೋ ಎಲ್ಲಾರು. ನಮ್ಮ ಗುರ್ಯಾನ ಫೋಟೋ ಪೇಪರ್‌ನ್ಯಾಗ ಬರತಾವ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು.

ಇಡೀ ಚಾಳ ಒಲೆ ಆರಿಸಿ, ಬಾಗಿಲು ಎಳೆದು ಮುಚ್ಚಿ, ಅವನ ಕೆಲಸ ಮುಗಿಯುವ ತನಕ ಗಿಡದ ನೆರಳಲ್ಲಿ ಸುಮ್ಮನೆ ಕುಳಿತಿರುತ್ತಿತ್ತು. ಒಮ್ಮೆ ನೀಲಪ್ಪ ಹೆಂಡತಿ, ಕೂಸಿನ ಜೊತೆ ಬಾಗಿಲಲ್ಲಿ ನಿಂತು ಕೇಳಿದ.

"ಅಣ್ಣಾ, ಒಂದರಾಗರ ನಾವೂ ಇರೂನು?"

"ಮುಂದ ತಗಿಯೂನ ತಗೋ. ಈಗ ಬೆಳಕ ಹೋಗತೈತಿ, ಸರಿ" ಎಂದ ಗುರುನಾಥ.

ಆ ಮುಂದಿನದು ಬರಲೇ ಇಲ್ಲ. ನೀಲಪ್ಪನೂ ಮತ್ತೆ ಕೇಳಲಿಲ್ಲ.

ಮಾಸ್ತರರ ಓಡಾಟದಿಂದ ಧಾರವಾಡದಲ್ಲಿ ಪ್ರದರ್ಶನವಾಯಿತು. ಹಾರ ಹಾಕಿದರು, ಶಾಲು ಹೊದಿಸಿದರು. ಒಂದು ಪತ್ರಿಕೆಯವರು ಬಂದು ಮಾತಾಡಿಸಿದರು. ಗುರುನಾಥ ಆ ದಿನ ಎಂದಿಲ್ಲದಷ್ಟು ಮಾತಾಡಿದ. "ಈಗ ಅಲ್ಲಿ ಯಾರೂ ಇಲ್ಲ. ಪಾರಿವಾಳ ಬಿಟ್ಟರೆ ಒಂದು ಜೀವ ಇಲ್ಲ. ಖಾಲಿ ಬಾಗಿಲುಗಳಷ್ಟೇ ನನ್ನ ಜೊತೆ ಮಾತಾಡುತ್ತವೆ" ಎಂದು ಅವನು ಹೇಳಿದ್ದು ಅವನ ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ಬಂತು. ಆ ಪತ್ರಿಕೆಯನ್ನು ಕೆಂಪವ್ವನಿಗೂ ಒಯ್ದು ತೋರಿಸಿದ. ಅವಳಿಗೆ ಓದಲು ಬರುತ್ತಿರಲಿಲ್ಲ. ಅವನ ಮುಖವಿದ್ದ ಹಾಳೆಯನ್ನು ಮಡಿಚಿ ಎಲ್ಲಮ್ಮನ ಪಟದ ಹಿಂದೆ ಇಟ್ಟುಕೊಂಡಳು.

ಮುಂದೆ ಎಲ್ಲಿ ಏನು ಕೆಡವುತ್ತಾರೆಂದು ಸುದ್ದಿ ಬಂದರೂ ಅವನು ಬಸ್ಸು ಹತ್ತುತ್ತಿದ್ದ. ರಾಮದುರ್ಗದ ಹಳೆಯ ನೇಕಾರಿ ಷೆಡ್ಡು, ಮುನವಳ್ಳಿಯ ಎಣ್ಣೆ ಮಿಲ್ಲು, ಸವದತ್ತಿ ರಸ್ತೆಯ ಹತ್ತಿ ಗೋದಾಮು. ಅವು ಒಂದೊಂದಾಗಿ ಮುರಿದು ಬಿದ್ದು, ಅಲ್ಲಿ ಪ್ಲಾಟಿನ ಕಲ್ಲುಗಳು ನಿಂತವು, ಕಲ್ಯಾಣ ಮಂಟಪ, ಅಂಗಡಿ ಸಾಲುಗಳೆದ್ದವು. ಊರುಗಳ ಹೊರಗಿನ ನೆಲಕ್ಕೆ ಬಂಗಾರದ ಬೆಲೆ ಬಂದ ಕಾಲ ಅದು. ಬೈಲಹೊಂಗಲದ ಜಿನ್ನೊಂದಾದರೂ ಉಳಿಯಬೇಕು, ಅದನ್ನು ದುರಸ್ತಿ ಮಾಡಿ ಒಳಗೆ ಹತ್ತಿಯ ಕಾಲದ ಸಾಮಾನು, ತನ್ನ ಫೋಟೋ ಎಲ್ಲ ಇಡಬೇಕು ಎಂದು ಗುರುನಾಥ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದ. ಆ ಲೆಕ್ಕದಲ್ಲಿ ಚಾಳದವರು ಎಲ್ಲಿರುತ್ತಾರೆಂಬುದು ಅವನ ತಲೆಗೆ ಬಂದದ್ದೇ ಇಲ್ಲ.

ಎರಡು ಸಾವಿರದ ಎರಡರ ಒಂದು ದಿನ ಸ್ಟುಡಿಯೋದ ಮುಂದೆ ಕಾರು ನಿಂತಿತು. ಇಳಿದವನು ಗೌರೀಶ, ಮಹಾಂತಪ್ಪ ಸಾವಕಾರರ ಮೊಮ್ಮಗ. ಬೆಳಗಾವಿಯಲ್ಲಿ ಓದಿ ಬಂದವ, ಜಿನ್ನಿನ ಜಾಗ ಅವನ ಪಾಲಿಗೆ ಬಂದಿತ್ತು. ನಯವಾದ ಮಾತು.

"ಗುರುನಾಥ ಅವರ, ಅಜ್ಜಾರ ಜಿನ್ನಿನ ಫೋಟೋ ಮೊದಲಿಂದ ಇಲ್ಲೀ ತನಕದ್ದು ಎಲ್ಲಾ ಬೇಕಾಗಿದ್ವು ನನಗ."

"ಕೆಡವತೀರಿ ಅಂತ ಸುದ್ದಿ ಐತಲ್ರಿ" ಎಂದ ಗುರುನಾಥ.

"ಸುದ್ದಿಗೇನ ಕಡಿಮಿ ಐತ್ರಿ ಈ ಊರಾಗ. ಏನ ಮಾಡಿದ್ರೂ ಅಜ್ಜಾರ ನೆನಪ ಉಳೀಬೇಕಲ್ರಿ. ನಿಮ್ಮಂಥಾ ಕಲಾವಿದರು ಇರೂದರಿಂದ ಇಷ್ಟರ ಉಳದೈತಿ." ಗೌರೀಶ ಚಹಾ ಕುಡಿದು ಕಪ್ಪು ಕೆಳಗಿಟ್ಟ. "ಹಿಂದ ತಾರೀಖು, ನಿಮ್ಮ ಸಹಿ ಹಾಕಿ ಕೊಡ್ರಿ. ಸಹಿ ಇದ್ರ ಅದರ ತೂಕ ಬ್ಯಾರೆ."

ಆ ಮನೆತನದ ಕಟ್ಟೆಯನ್ನು ಗುರುನಾಥನ ಅಪ್ಪ ಒಂದು ದಿನವೂ ಹತ್ತಿರಲಿಲ್ಲ. ಪಗಾರವನ್ನು ಅಂಗಳದಲ್ಲಿ ನಿಂತು, ಮೇಲಿಂದ ಹಾಕಿದ್ದನ್ನು ಕೆಳಗೆ ಕೈಯೊಡ್ಡಿ ಹಿಡಿದುಕೊಂಡು ಬರುತ್ತಿದ್ದ. ಅದೇ ಮನೆತನದ ಮೊಮ್ಮಗ ತನ್ನ ಅಂಗಡಿಯ ಕುರ್ಚಿಯ ಮೇಲೆ ಕುಳಿತು, ತನ್ನ ಮನೆಯ ಕಪ್ಪಿನಲ್ಲಿ ಚಹಾ ಕುಡಿದು, ತನ್ನನ್ನು ಕಲಾವಿದ ಎಂದ. ಗುರುನಾಥ ಅಷ್ಟಕ್ಕೇ ಕರಗಿಹೋದ. ಒಂದು ವಾರ ಕುಳಿತು ಒಳ್ಳೆಯ ಕಾಗದದ ಮೇಲೆ ಪ್ರಿಂಟು ಹಾಕಿದ. ಒಂದೊಂದರ ಹಿಂದೂ ತಿಂಗಳು, ವರ್ಷ, ಸಹಿ. ಚಾಳದ ಬಾಗಿಲುಗಳ ಚಿತ್ರಗಳನ್ನಂತೂ ಮುದ್ದಾಗಿ ಹಾಕಿದ. ಅವು ಅವನಿಗೆ ತುಂಬ ಇಷ್ಟವಾದವು.

ಮುಂದಿನ ಮಳೆಗಾಲ ಬರುವಷ್ಟರಲ್ಲಿ ಜಿನ್ನಿನ ಸುತ್ತ ತಂತಿಬೇಲಿ ಬಿತ್ತು. ಮುಂದೆ ಬಣ್ಣದ ಬೋರ್ಡು. ಅದರ ಮೇಲೆ ಮೂರಂತಸ್ತಿನ ವ್ಯಾಪಾರಿ ಸಂಕೀರ್ಣದ ಚಿತ್ರ, ಹಿಂದೆ ಮನೆ ಪ್ಲಾಟುಗಳ ನಕ್ಷೆ. ಚಾಳದವರಿಗೆ ಜಾಗ ಖಾಲಿ ಮಾಡಲು ಹೇಳಿದರು. ಅವರು ವಂತಿಗೆ ಹಾಕಿ ವಕೀಲನನ್ನು ಹಿಡಿದು ಕೋರ್ಟಿನಿಂದ ತಡೆ ತಂದರು. ಅಜ್ಜನ ಕಾಲದಿಂದ ಇಲ್ಲೇ ಇದ್ದೇವೆ, ಬೇರೆ ಜಾಗ ಕೊಡದೆ ಎಬ್ಬಿಸಬಾರದು ಎಂಬುದು ಅವರ ಮಾತು. ಗೌರೀಶನ ಮಾತು ಬೇರೆ. ಜಿನ್ನು ನಿಂತಾಗಲೇ ಚಾಳ ಖಾಲಿಯಾಗಿದೆ, ಈಗ ಬೆಲೆ ಬಂದಿದೆಯೆಂದು ತಿಳಿದು ಇವರು ಮೊನ್ನೆ ಮೊನ್ನೆ ಬಂದು ಹೊಕ್ಕಿದ್ದಾರೆ ಎಂದು ಅವನು ವಾದ ಹೂಡಿದ. ಚಾಳದವರ ರೇಷನ್ ಕಾರ್ಡು, ಮತದಾರರ ಚೀಟಿಗಳಲ್ಲಿ ಬರೀ 'ಜಿನ್ ಓಣಿ' ಎಂದಿತ್ತು. ಅದು ಎರಡು ಫರ್ಲಾಂಗಿನ ಇಡೀ ಓಣಿಯ ಹೆಸರು. ಕರೆಂಟಿನ ಬಿಲ್ಲು ಇರಲಿಲ್ಲ, ಮನೆಪಟ್ಟಿ ತೆರಿಗೆ ಕಟ್ಟಿದ ಪಾವತಿ ಇರಲಿಲ್ಲ. ಗೌರೀಶನ ಬಳಿ ಮಾತ್ರ ಸಾಕ್ಷಿ ಇತ್ತು.

ಒಂದು ಸಂಜೆ ನೀಲಪ್ಪ ಸ್ಟುಡಿಯೋಗೆ ಬಂದ. ಬಾಗಿಲಲ್ಲೇ ನಿಂತ.

"ಅಣ್ಣಾ, ನಿನ್ನ ಫೋಟೋ ಅವರ ವಕೀಲನ ಕೈಯಾಗ ಅದಾವು."

"ಯಾವ ಫೋಟೋ?"

"ನಮ್ಮ ಮನೀ ಬಾಗಿಲದ್ದು. ವರ್ಷ ವರ್ಷದ್ದೂ ಅದಾವು. ಹಿಂದ ನಿನ್ನ ಸಹಿ ಐತಿ. ಯಾವುದರಾಗೂ ಒಂದ ನರಪಿಳ್ಳಿ ಇಲ್ಲ. ನೋಡ್ರಿ, ಹತ್ತ ವರ್ಷದಿಂದ ಖಾಲಿ ಐತಿ ಅಂತ ಜಡ್ಜ ಸಾಹೇಬರಿಗೆ ಒಂದೊಂದ ತಗದ ತೋರಿಸಿದ್ರು."

ಗುರುನಾಥ ಕೈಯಲ್ಲಿದ್ದ ನೆಗೆಟಿವ್ ಮೇಜಿನ ಮೇಲಿಟ್ಟ. "ನಾ ಬಂದು ಹೇಳ್ತೇನಿ. ನಾನ ಸರಿಸಿದ್ದೆ ಅಂತ ಹೇಳ್ತೇನಿ" ಎಂದ.

"ಹೇಳು" ಎಂದಷ್ಟೇ ಹೇಳಿ ನೀಲಪ್ಪ ಹೋದ.

ಆ ರಾತ್ರಿ ಅವನು ಇದ್ದಬದ್ದ ನೆಗೆಟಿವ್‌ಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದ. ಒಂದು ಬಟ್ಟೆಯ ತುದಿ, ಒಂದು ಕೊಡ, ಬಾಗಿಲ ಸಂದಿಯಲ್ಲಿ ಒಂದು ಕೂಸಿನ ಕಾಲಾದರೂ ಸಿಗಬಹುದೆಂದು ನೋಡಿದ. ತನ್ನ ಕೆಲಸ ಎಷ್ಟು ಚೊಕ್ಕವಾಗಿತ್ತೆಂದು ಅವನಿಗೆ ಅಂದು ತಿಳಿಯಿತು. ಸಿಕ್ಕಿದ್ದು ಒಂದೇ ಒಂದು. ಮೊದಲ ದಿನದ್ದು. ಕತ್ತರಿ ತಾಗದ ನೆಗೆಟಿವ್‌ನಲ್ಲಿ ಕೆಂಪವ್ವನ ಬೆನ್ನು ಹಾಗೇ ಇತ್ತು.

ಚಾಳದವರ ಪರವಾಗಿ ಅವನು ಸಾಕ್ಷಿ ಕಟ್ಟೆ ಹತ್ತಿದ ದಿನ ಕೋರ್ಟಿನ ಹಿಂದಿನ ಬೆಂಚುಗಳಲ್ಲಿ ಕೆಂಪವ್ವ, ನೀಲಪ್ಪ, ಚಾಳದ ಹೆಂಗಸರು ಕುಳಿತಿದ್ದರು. ಗೌರೀಶನ ವಕೀಲ ಫೋಟೋಗಳನ್ನು ಇಸ್ಪೀಟಿನ ಎಲೆಗಳಂತೆ ಹಿಡಿದುಕೊಂಡು ಎದ್ದ.

"ಇವು ನೀವು ತಗದದ್ದೇನ್ರಿ?"

"ಹೌದ್ರಿ."

"ಹಿಂದಿನ ಸಹಿ, ತಾರೀಖು?"

"ನಂದ ಐತ್ರಿ. ನಾನ ಹಾಕೀನಿ."

"ಇದರಾಗ ಮನುಷ್ಯಾರ ಎಲ್ಲಿ ಅದಾರ, ತೋರಸ್ರಿ."

"ಅದರಾಗ ಇಲ್ರಿ. ಆದ್ರ ಅವರು ಅಲ್ಲೇ ಇದ್ರು. ಫೋಟೋ ಸಲುವಾಗಿ ನಾನ ಸರೀರಿ ಅಂತಿದ್ದೆ."

"ಪ್ರತೀ ಸಲಾನೂ?"

"ಪ್ರತೀ ಸಲಾನೂ ರೀ."

"ಅಂದ್ರ ವರ್ಷಾನಗಟ್ಟಲೆ, ಅಷ್ಟೂ ಮಂದಿ, ಬಟ್ಟಿ-ಬರಿ, ಆಡು-ಮರಿ ಸಮೇತ, ನೀವು ಬಂದಾಗೆಲ್ಲಾ ಎದ್ದ ಸರದ ನಿಂತ್ರು. ಯಾಕ?"

ಪ್ರೀತಿಗೆ ಎಂದು ಕೋರ್ಟಿನಲ್ಲಿ ಹೇಗೆ ಹೇಳುವುದು? ಮೊದಲ ದಿನದ ನೆಗೆಟಿವ್‌ನಿಂದ ಮಾಡಿದ ಹೊಸ ಪ್ರಿಂಟನ್ನು ಗುರುನಾಥ ಮುಂದಿಟ್ಟ. ವಕೀಲ ಅದನ್ನು ನೋಡಿದ.

"ಇದು ಜಿನ್ನಿನ ಒಳಗ ತಗದದ್ದು. ಮನೀ ಅಲ್ಲ. ಯಾರೋ ಹೆಣ್ಮಗಳು ಬೆನ್ನ ಹಾಕಿ ಕುಂತಾಳ. ಮೆಣಸಿನಕಾಯಿ ಒಣಗಸಾಕ ಊರ ಮಂದಿ ಎಲ್ಲಾರೂ ಖಾಲಿ ಜಾಗಾದಾಗ ಕೂಡತಾರ. ಯಾರಿಕಿ?"

"ಕೆಂಪವ್ವ ಅಂತ್ರಿ. ಇಲ್ಲೇ ಕುಂತಾಳ."

"ನಿಮಗೇನಾಗಬೇಕು?"

ಅಷ್ಟು ವರ್ಷ ಬಜಾರಿನಲ್ಲಿ ಹೇಳದೆ ಉಳಿಸಿಕೊಂಡ ಮಾತನ್ನು ಗುರುನಾಥ ಆಗ ಹೇಳಿದ. "ಚಿಗವ್ವ ಆಗಬೇಕ್ರಿ. ನಾ ಅಲ್ಲೇ ಹುಟ್ಟೀನಿ. ಆಕೀನ ನನ್ನ ಸಾಕಿದಾಕಿ."

ವಕೀಲ ನ್ಯಾಯಾಧೀಶರ ಕಡೆ ತಿರುಗಿದ. "ಸಾಕ್ಷಿದಾರರು ಇವರ ರಕ್ತಸಂಬಂಧಿ. ಅದಕ್ಕ ಈಗ ಮಾತ ತಿರುಗಸಾಕತ್ತಾರ. ಸಂಬಂಧದ ನೆನಪಿಲ್ಲದಾಗ ಏನ ಹೇಳಿದ್ರು ಅನ್ನೂದು ಇಲ್ಲೈತ್ರಿ." ಪತ್ರಿಕೆಯ ಹಳೆಯ ಹಾಳೆಯನ್ನು ಬಿಡಿಸಿ, ದಪ್ಪ ಅಕ್ಷರದ ಸಾಲನ್ನು ನಿಧಾನವಾಗಿ ಓದಿದ. ಈಗ ಅಲ್ಲಿ ಯಾರೂ ಇಲ್ಲ. ಪಾರಿವಾಳ ಬಿಟ್ಟರೆ ಒಂದು ಜೀವ ಇಲ್ಲ. "ಇದು ನೀವು ಹೇಳಿದ್ದು ಹೌದೋ ಅಲ್ಲೋ?"

ಪತ್ರಿಕೆಯವರು ತಾವೇ ಬರೆದುಕೊಂಡರು ಎನ್ನಬಹುದಿತ್ತು. ಚಾಳದವರ ವಕೀಲ ಹಾಗೆ ಹೇಳು ಎನ್ನುವಂತೆ ಕಣ್ಣು ಮಾಡಿದ. ಆದರೆ ಆಡಿದ ಮಾತು ಗುರುನಾಥನಿಗೆ ಒಂದೊಂದೂ ನೆನಪಿತ್ತು, ಆ ದಿನದ ಶಾಲಿನ ಬಣ್ಣದ ಸಮೇತ.

"ಹೌದ್ರಿ" ಎಂದ.

ಆ ಸಾಲು ಏನು ಹೇಳುತ್ತದೆಂದು ಕೆಂಪವ್ವನಿಗೂ ಅಂದೇ ತಿಳಿದದ್ದು. ಹೊರಗೆ ಹುಣಸೆ ಗಿಡದ ಕೆಳಗೆ ಗುರುನಾಥ ಅವಳ ಮುಂದೆ ನಿಂತ. ಅವಳು ಬಯ್ಯಲಿಲ್ಲ.

"ಪಾರಿವಾಳ ಕಂಡವಲ್ಲೋ ತಮ್ಮಾ ನಿನಗ" ಎಂದಳು. "ನಾವ ಅವಕ್ಕ ಕಾಳ ಹಾಕತಿದ್ವಿ, ಅದಕ್ಕ ಬರತಿದ್ವು."

ತೀರ್ಪು ಬಂತು, ತಡೆ ತೆರವಾಯಿತು. ಮೇಲಿನ ಕೋರ್ಟಿಗೆ ಹೋಗಲು ಚಾಳದವರಲ್ಲಿ ಕಸುವಿರಲಿಲ್ಲ. ಕೆಡವುವ ದಿನ ಬೆಳಿಗ್ಗೆ ಗುರುನಾಥ ಕ್ಯಾಮೆರಾ ತೆಗೆದುಕೊಂಡು ಹೋದ. ರಾಜೇಶ್ವರಿ ಬಾಗಿಲಿಗೆ ಅಡ್ಡ ನಿಂತು, "ಇನ್ನೂ ಏನ ತಗೀಬೇಕಾಗೇತಿ ನಿಮಗ?" ಎಂದು ಕೇಳಿದಳು. ಅವನಿಗೆ ಗೊತ್ತಿತ್ತು, ಈ ಸಲ ಗೋಡೆಯದಲ್ಲ. ಜನರದ್ದು.

ಜೇಸಿಬಿ ಆಗಲೇ ಚಿಮಣಿಯ ಬುಡ ತಿನ್ನುತ್ತಿತ್ತು. ರಸ್ತೆಯ ಪಕ್ಕ ಚಾಳದವರು ಹಾಸಿಗೆ, ಡಬ್ಬಿ, ಒಲೆಯ ಕಲ್ಲು ಎಲ್ಲ ಗುಡ್ಡೆ ಹಾಕಿಕೊಂಡು ನಿಂತಿದ್ದರು. ಕೆಂಪವ್ವ ಕಾಳಿನ ಡಬ್ಬಿಯ ಮೇಲೆ ಕುಳಿತು, ತನ್ನ ಖೋಲಿಯ ಕಡೆ ನೋಡುತ್ತಿದ್ದಳು. ಬೆಳಗಿನ ಬಿಸಿಲು ಮುಖಕ್ಕೆ ಸರಿಯಾಗಿ ಬಿದ್ದಿತ್ತು. ಗುರುನಾಥ ಎದುರಿಗೆ ಹೋಗಿ ಕ್ಯಾಮೆರಾ ಹಿಡಿದ. ಅವಳು ಅವನನ್ನು ಕಂಡಳು. ಕಂಡವಳೇ ಮೊಣಕಾಲು ಹಿಡಿದು ಎದ್ದಳು, ಡಬ್ಬಿ ಎತ್ತಿ ಬಗಲಿಗಿಟ್ಟುಕೊಂಡಳು, ಪಕ್ಕದಲ್ಲಿದ್ದ ಮೊಮ್ಮಗಳ ರಟ್ಟೆ ಹಿಡಿದಳು.

"ಸರೀತೇವಿ ತಡಿ" ಎಂದಳು.

ಮೊಮ್ಮಗಳನ್ನು ಎಳೆದುಕೊಂಡು ಅವನ ಕ್ಯಾಮೆರಾದ ಎದುರಿನಿಂದ ಆಚೆ ಹೋಗಿ, ಸಾಮಾನು ಹೇರಲು ತಂದಿದ್ದ ಗಾಡಿಯ ಹಿಂದೆ ನಿಂತಳು. ಉಳಿದವರೂ ಒಬ್ಬೊಬ್ಬರಾಗಿ ಸರಿದರು. ಅದು ವರ್ಷಗಳ ರೂಢಿಯೋ, ಕೊಟ್ಟ ಪೆಟ್ಟೋ ಗುರುನಾಥನಿಗೆ ಎಂದೂ ಗೊತ್ತಾಗಲಿಲ್ಲ. ಎದುರಿಗೆ ಬರೀ ಗೋಡೆ ಉಳಿಯಿತು. ಅದೂ ಬಿತ್ತು. ಅವನು ಕ್ಯಾಮೆರಾದ ಗುಂಡಿ ಒತ್ತಲಿಲ್ಲ.

ಚಾಳದವರು ಚದುರಿಹೋದರು. ಕೆಲವರು ಗೋವೆಯ ಕಡೆ, ಕೆಲವರು ಕಿತ್ತೂರಿನ ಇಟ್ಟಿಗೆ ಭಟ್ಟಿಗಳಿಗೆ. ನೀಲಪ್ಪ ಊರ ಹೊರಗೆ ಬಾಡಿಗೆಯ ಖೋಲಿ ಹಿಡಿದ. ಎರಡು ವರ್ಷದಲ್ಲಿ ಸಂಕೀರ್ಣ ಎದ್ದು ನಿಂತಿತು. ನೀಲಪ್ಪನಿಗೆ ಬೇರೆಲ್ಲೂ ಕಾಯಂ ಕೆಲಸ ಸಿಗದೆ, ಅದಕ್ಕೇ ಕಾವಲುಗಾರನಾಗಿ ಸೇರಿಕೊಂಡ. ನೀಲಿ ಅಂಗಿ, ಕೈಯಲ್ಲಿ ಸೀಟಿ. ಅಷ್ಟರಲ್ಲಿ ಬಜಾರಿನಲ್ಲಿ ರಸ್ತೆ ಅಗಲ ಮಾಡುವಾಗ ಗುರುನಾಥನ ಸ್ಟುಡಿಯೋದ ಅರ್ಧ ಹೋಯಿತು, ಉಳಿದರ್ಧದಲ್ಲಿ ಲೈಟಿನ ಸ್ಟ್ಯಾಂಡು ನಿಲ್ಲಿಸಲೂ ಜಾಗವಿರಲಿಲ್ಲ. ಗೌರೀಶ ತಾನಾಗಿ ಹೇಳಿ ಕಳಿಸಿದ. ಸಂಕೀರ್ಣದ ಮೊದಲ ಅಂತಸ್ತಿನಲ್ಲಿ ಒಂದು ಅಂಗಡಿ ಇದೆ, ನಿಮಗೆಂದರೆ ಬಾಡಿಗೆ ನೋಡಿ ಮಾಡೋಣ ಎಂದು.

ಗುರುನಾಥ ಒಂದು ತಿಂಗಳು ಒಲ್ಲೆ ಎಂದ. ಬೇರೆ ಕಡೆ ಅಂಗಡಿ ಹುಡುಕಿದ. ಅವನ ಹೆಸರು ಕೇಳಿ, ಕುಲ ಕೇಳಿ, ಇಲ್ಲವೆಂದವರೇ ಹೆಚ್ಚು. ತಾನು ಚಾಳದವನೆಂದು ಕೋರ್ಟಿನಲ್ಲಿ ಹೇಳಿದ ಮಾತು ಬಜಾರಿಗೆಲ್ಲ ಹಬ್ಬಿತ್ತು.

"ಸಿಟ್ಟ ಹೊಟ್ಟಿ ತುಂಬಸಂಗಿಲ್ಲ" ಎಂದಳು ರಾಜೇಶ್ವರಿ. "ಪ್ರಜ್ಞಾ ಕಾಲೇಜು ಬಿಡಬೇಕೇನು?"

ಅವನು ಹೋದ. ಮೆಟ್ಟಿಲ ಗೋಡೆಯ ಉದ್ದಕ್ಕೂ ಅವನವೇ ಚಿತ್ರಗಳನ್ನು ಗಾಜು ಹಾಕಿ ತೂಗುಹಾಕಿದ್ದರು. ಮೇಲೆ 'ಪೂಜ್ಯ ಅಜ್ಜನವರ ಸ್ಮರಣಾರ್ಥ' ಎಂಬ ಹಿತ್ತಾಳೆಯ ಫಲಕ. ದಿನಕ್ಕೆರಡು ಸಲ ಆ ಖಾಲಿ ಬಾಗಿಲುಗಳ ಮುಂದೆ ಹಾದು ಹೋಗಬೇಕಿತ್ತು. ಗೇಟಿನಲ್ಲಿ ನೀಲಪ್ಪ ಕುರ್ಚಿಯ ಮೇಲೆ ಕುಳಿತಿರುತ್ತಿದ್ದ. ಬೇರೆ ಅಂಗಡಿಯವರಿಗೆ ಎದ್ದು ನಿಲ್ಲುತ್ತಿದ್ದ ಹಾಗೆಯೇ ಗುರುನಾಥನಿಗೂ ಎದ್ದು ನಿಲ್ಲುತ್ತಿದ್ದ. ಕುಂದ್ರು ಎಂದು ಗುರುನಾಥ ಎರಡು ಮೂರು ಸಲ ಹೇಳಿ ನೋಡಿದ. "ಡ್ಯೂಟಿ ರೀ" ಎಂದ ನೀಲಪ್ಪ. ಅಣ್ಣ ಎಂಬುದು ಅವನ ಬಾಯಿಂದ ಮತ್ತೆ ಬರಲಿಲ್ಲ.

ಕೆಂಪವ್ವ ಹೋದದ್ದು ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ. ಗುರುನಾಥನ ಅಪ್ಪನ ಹಾಗೆಯೇ ಕೆಮ್ಮಿ. ಬೇರೆ ಅಂಗಡಿಯವನೊಬ್ಬ ಬಂದು, "ನಮ್ಮ ವಾಚಮನ್ ಇವತ್ತ ರಜಾ ಅದಾನ, ಅವರವ್ವ ತೀರಿಕೊಂಡ್ಳಂತ" ಎಂದು ಹೇಳಿದಾಗಲೇ ಗುರುನಾಥನಿಗೆ ತಿಳಿದದ್ದು. ಓಡಿದ. ಮಣ್ಣು ಮಾಡಿ ಬಂದಾಗಿತ್ತು.

ಮೂರನೆಯ ದಿನ ರಾಜೇಶ್ವರಿಯ ಜೊತೆ ಮತ್ತೆ ಹೋದ. ಖೋಲಿಯ ಗೋಡೆಯ ಮೇಲೆ ನೀಲಪ್ಪ ತಂದಿದ್ದ ಬುದ್ಧನ ಪಟ, ಅದರ ಕೆಳಗೆ ಒಂದು ಸ್ಟೂಲಿನ ಮೇಲೆ ಹಾರ ಹಾಕಿದ ಫೋಟೋ. ಮತದಾರರ ಚೀಟಿಯ ಮೇಲಿದ್ದ ಉಗುರಿನಷ್ಟು ಚಿತ್ರವನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದ್ದರು. ಮುಖ ಒಡೆದು ಚುಕ್ಕೆ ಚುಕ್ಕೆಯಾಗಿತ್ತು. ಹಿಂದೆ ಯಾವುದೋ ನೀಲಿ ಕೆರೆ, ಹಂಸಗಳನ್ನು ಕೂಡಿಸಿದ್ದರು. ಕೆಂಪವ್ವನಂತೆ ಕಾಣುತ್ತಿದ್ದದ್ದು ಹಣೆಯೊಂದೇ.

ಗುರುನಾಥ ಅದನ್ನೇ ನೋಡುತ್ತ ಕುಳಿತ. ಕೊನೆಗೆ, "ನನಗ ಒಂದ ಮಾತ ಹೇಳಬೇಕಿಲ್ಲೋ ನೀಲ್ಯಾ. ಚಲೋದೊಂದು ಮಾಡಿ ಕೊಡತಿದ್ದೆ" ಎಂದ.

ನೀಲಪ್ಪ ಬಂದವರಿಗೆ ಊಟದ ಎಲೆ ಹಾಕುತ್ತಿದ್ದವನು ತಲೆಯೆತ್ತಿದ.

"ಯಾವ ಫೋಟೋದಿಂದ ಮಾಡತಿದ್ದಿ?" ಎಂದು ಕೇಳಿದ.

ಅವನ ದನಿಯಲ್ಲಿ ಕೊಂಕಿರಲಿಲ್ಲ. ಆಮೇಲೆ ಗುರುನಾಥನ ಮುಂದೆ ಒಂದು ಎಲೆ, ರಾಜೇಶ್ವರಿಯ ಮುಂದೆ ಒಂದು ಎಲೆ ಹಾಸಿ, ನೀರು ಚಿಮುಕಿಸಿ, ಸಾಲಿನಲ್ಲಿ ಮುಂದೆ ಹೋದ.